ಯಾವ ಕುರುಕ್ಷೇತ್ರ ಮೂಲದ್ದು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಓದುಗರೊಬ್ಬರು ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಆಡಿದ ಕುರುಕ್ಷೇತ್ರ ನಾಟಕದ ಬಗ್ಗೆ ಬರೆದಿದ್ದರು. ಭೀಮನಿಂದ ಹಿಡಿದು ಶಕುನಿವರೆಗೆ ಎಲ್ಲಾ ಪಾರ್ಟನ್ನೂ ಹೆಂಗಸರೇ ಮಾಡಿದ್ದು, ಬೆಳಗಿನ ತನಕ ಆಡಬೇಕಾದ ನಾಟಕವನ್ನು ಮೂರೂವರೆ ಗಂಟೆಗೆ ಇಳಿಸಿದ್ದು, ದುರ್ಯೋಧನ ತೊಡೆ ಮುರಿದು ಬಿದ್ದ ಮೇಲೆ ಗಾಂಧಾರಿಗೆ ಹೊಸದಾಗಿ ಮಾತು ಸೇರಿಸಿದ್ದು, ಯಾವುದೂ ಅವರಿಗೆ ಹಿಡಿಸಿಲ್ಲ. ಮೂಲ ನಾಟಕಕ್ಕೆ ಅಪಚಾರ ಆಯಿತು ಅಂತ ಬರೆದಿದ್ದಾರೆ. ಅವರ ಬೇಜಾರು ಅರ್ಥವಾಗುತ್ತದೆ. ಆದರೆ ಒಂದು ಮಾತು ಕೇಳಲೇಬೇಕು. ಮೂಲ ಅಂದರೆ ಯಾವುದು ಸ್ವಾಮಿ?

ನಮ್ಮದು ನಾಟಕಕ್ಕೆ ಸೀನರಿ, ಡ್ರೆಸ್ಸು, ಕಿರೀಟ ಬಾಡಿಗೆ ಕೊಡುವ ಅಂಗಡಿ. ತಂದೆಯವರು ಶುರು ಮಾಡಿದ್ದು. ಜಾತ್ರೆ ಸೀಸನ್ ಬಂತೆಂದರೆ ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ, ಜಗಳೂರು ಅಂತ ಪರದೆ ಪೆಟ್ಟಿಗೆ ಹೇರಿಕೊಂಡು ಊರೂರು ತಿರುಗುತ್ತೇವೆ. ಆ ಹೆಣ್ಣುಮಕ್ಕಳ ನಾಟಕಕ್ಕೆ ಕಿರೀಟ, ಗದೆ ಹೋಗಿದ್ದೂ ನಮ್ಮಿಂದಲೇ. ಹಾಗಾಗಿ ಕುರುಕ್ಷೇತ್ರವನ್ನು ನಾನು ನೋಡಿರುವುದು ಜಾಸ್ತಿ ಸೈಡ್ ವಿಂಗಿನಿಂದ. ಅಲ್ಲಿಂದ ನೋಡಿದವನಿಗೆ ಮೂಲ ಅನ್ನುವ ಮಾತು ಕೇಳಿದರೆ ಸ್ವಲ್ಪ ನಗು ಬರುತ್ತೆ.

ಮೊದಲು ಕಥೆಯನ್ನೇ ತೆಗೆದುಕೊಳ್ಳಿ. ರನ್ನ ಹತ್ತನೇ ಶತಮಾನದಲ್ಲಿ 'ಗದಾಯುದ್ಧ' ಬರೆದಾಗ ಭೀಮನೇ ನಾಯಕ. ತನ್ನನ್ನು ಸಾಕಿದ ಚಾಲುಕ್ಯ ದೊರೆಯನ್ನು ಭೀಮನಿಗೆ ಹೋಲಿಸಿ ಹೊಗಳಬೇಕಿತ್ತಲ್ಲ! ಅದೇ ಕಾವ್ಯ ಇಟ್ಟುಕೊಂಡು ಬಿ.ಎಂ. ಶ್ರೀಕಂಠಯ್ಯನವರು 'ಗದಾಯುದ್ಧ ನಾಟಕಂ' ಮಾಡಿದರು. ಗ್ರೀಕರ ದುರಂತ ನಾಟಕಗಳನ್ನು ಓದಿಕೊಂಡಿದ್ದ ಅವರ ಕೈಯಲ್ಲಿ ದುರ್ಯೋಧನನೇ ನಾಯಕನಾಗಿಬಿಟ್ಟ. ಇಬ್ಬರಿಗಿಂತ ಎಷ್ಟೋ ಹಿಂದೆ ಸಂಸ್ಕೃತದ ಭಾಸ 'ಊರುಭಂಗ'ದಲ್ಲಿ ತೊಡೆ ಮುರಿದುಕೊಂಡು ಬಿದ್ದ ದುರ್ಯೋಧನನ ಹತ್ತಿರ ಅವನ ಪುಟ್ಟ ಮಗ ಬಂದು, ದಿನಾ ಕೂರುವ ಹಾಗೆ ತೊಡೆ ಮೇಲೆ ಕೂರಲು ಹೋಗುವ ಸೀನು ಇಟ್ಟಿದ್ದಾನೆ. ಇವರಲ್ಲಿ ಯಾರು ಅಪಚಾರ ಮಾಡಿದವರು?

ಕಾಳಿದಾಸ ಶಾಕುಂತಲದಲ್ಲಿ ತಂದ ಉಂಗುರ, ದೂರ್ವಾಸರ ಶಾಪ ಎರಡೂ ವ್ಯಾಸಭಾರತದಲ್ಲಿ ಇಲ್ಲ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದು, ರಾಮನ ಬಾಣ ಶಂಬೂಕನನ್ನು ಕೊಲ್ಲದೆ ದೂರು ಕೊಟ್ಟ ಬ್ರಾಹ್ಮಣನನ್ನೇ ಬೆನ್ನಟ್ಟುವ ಹಾಗೆ ಮಾಡಿದಾಗ ಸ್ವತಃ ಮಾಸ್ತಿಯವರೇ ಆಕ್ಷೇಪ ಎತ್ತಿದ್ದರು. ಕುವೆಂಪು ಉತ್ತರ ಕೊಟ್ಟರು. ಜಗಳ ಆಯಿತು, ನಾಟಕ ಉಳಿಯಿತು. ಇಂಗ್ಲೆಂಡಿನವರ ಕಥೆಯೂ ಇಷ್ಟೇ. ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ಕೊನೆಯನ್ನು ಅಲ್ಲಿಯವರಿಗೇ ತಡೆದುಕೊಳ್ಳಲು ಆಗಲಿಲ್ಲ. 1681ರಲ್ಲಿ ನಹುಮ್ ಟೇಟ್ ಎಂಬಾತ ಕಿರಿಮಗಳು ಬದುಕಿ ಮದುವೆಯಾಗುವ ಹಾಗೆ ತಿದ್ದಿ ಬರೆದ, ಸುಮಾರು ನೂರೈವತ್ತು ವರ್ಷ ಅಲ್ಲಿನ ಜನ ಅದನ್ನೇ ನೋಡಿ ಕಣ್ಣೊರೆಸಿಕೊಂಡರು.

ಇನ್ನು ನಮ್ಮ ರಂಗಭೂಮಿ. ಗುಬ್ಬಿ ಕಂಪನಿಯವರು 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ' ಆಡಿದಾಗ ಸ್ಟೇಜಿಗೆ ನಿಜವಾದ ಆನೆ, ಕುದುರೆ ತಂದಿದ್ದರು. ಮೂಲದ ಹಾಗೇ ಆಡಬೇಕು ಅನ್ನುವವರು ಆನೆಯಿಂದಲೇ ಶುರು ಮಾಡಬೇಕಾಗುತ್ತದೆ. ನಮ್ಮ ಜಾತ್ರೆ ಕಮಿಟಿಯವರಿಗೆ ಜನರೇಟರ್ ತರಿಸುವಷ್ಟರಲ್ಲೇ ಸಾಕಾಗಿರುತ್ತೆ.

ನಾಟಕ ಹೇಗೆ ಬದಲಾಗುತ್ತಾ ಬಂತು ಅಂತ ತಿಳಿಯಬೇಕಾದರೆ ನಮ್ಮ ಅಂಗಡಿಯ ಅಟ್ಟ ಹತ್ತಬೇಕು. ಒಂದು ತಗಡಿನ ಪೆಟ್ಟಿಗೆಯಲ್ಲಿ ತಂದೆಯವರ ಕಾಲದ ಕಿರೀಟಗಳಿವೆ. ರಟ್ಟು ಕತ್ತರಿಸಿ, ಅಂಟು ಬಳಿದು, ಬೇಗಡೆ ಹಚ್ಚಿ, ಗಾಜಿನ ಮಣಿ ಕೂರಿಸಿದ್ದು. ರವಿವರ್ಮನ ಪಟ, ಕ್ಯಾಲೆಂಡರ್ ದೇವರು ನೋಡಿಕೊಂಡು ಮಾಡಿದವು. ಪೆಟ್ರೋಮ್ಯಾಕ್ಸ್ ಬೆಳಕಿಗೆ ದೂರದಿಂದ ಹೊಳೆಯಲಿ ಅಂತ ಎತ್ತರ ಜಾಸ್ತಿ. 1988ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮಹಾಭಾರತ ಶುರುವಾಯಿತು ನೋಡಿ, ಗಿರಾಕಿಗಳೆಲ್ಲ ಬಂದು 'ಟೀವಿ ಕೃಷ್ಣನಿಗೆ ಇರೋ ಥರಾನೇ ಬೇಕು' ಅನ್ನತೊಡಗಿದರು. ತಂದೆಯವರು ಬೈದುಕೊಂಡೇ ಹೊಸ ಸೆಟ್ ಮಾಡಿಸಿದರು. 2020ರ ಲಾಕ್‌ಡೌನ್ ಹೊತ್ತಿಗೆ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಮನೆಮನೆಗೆ ಬಂತು. ಈಗ ಅರ್ಜುನನ ಪಾರ್ಟಿನ ಹುಡುಗನಿಗೆ ಭುಜಕೀರ್ತಿ ಬೇಡ, ಚರ್ಮದ ಎದೆಕವಚ ಬೇಕು. ಫೋನಿನಲ್ಲಿ ಫೋಟೋ ತೋರಿಸಿ 'ಇದು ಇದೆಯಾ ಅಂಕಲ್' ಅನ್ನುತ್ತಾನೆ. ಸುದರ್ಶನ ಚಕ್ರಕ್ಕೆ ನಾವೀಗ ಎಲ್‌ಇಡಿ ಸೀರಿಯಲ್ ಸೆಟ್ ಹಾಕಿದ್ದೇವೆ, ಬ್ಯಾಟರಿ ಕೃಷ್ಣನ ಸೊಂಟದ ಪಟ್ಟಿಯೊಳಗೆ ಇರುತ್ತೆ. ಇದನ್ನೆಲ್ಲ ಯಾರೂ ಅಪಚಾರ ಅಂತ ಪತ್ರಿಕೆಗೆ ಬರೆಯಲಿಲ್ಲ. ಹೆಂಗಸರು ಗದೆ ಹಿಡಿದಾಗ ಮಾತ್ರ ಮೂಲ ನೆನಪಾಯಿತು.

ಡ್ರೆಸ್ಸಿನ ಮಾತು ಬಿಡಿ, ಪಾರ್ಟು ಯಾರಿಗೆ ಅನ್ನುವುದು ದೊಡ್ಡ ಕಥೆ. ತಂದೆಯವರು ಹೇಳುತ್ತಿದ್ದರು, ಮೊದಲು ಕೃಷ್ಣ, ಧರ್ಮರಾಯ, ದುರ್ಯೋಧನ ಇವೆಲ್ಲ ಊರಿನ ದೊಡ್ಡ ಮನೆಗಳಿಗೇ ಮೀಸಲು. ಕೇರಿಯ ಹುಡುಗನ ಕಂಠ ಎಷ್ಟೇ ಚೆನ್ನಾಗಿರಲಿ, ಅವನಿಗೆ ಸಿಗುತ್ತಿದ್ದದ್ದು ಚಪ್ಪರ ಹಾಕುವ ಕೆಲಸ, ಪೆಟ್ರೋಮ್ಯಾಕ್ಸಿಗೆ ಪಂಪ್ ಹೊಡೆಯುವ ಕೆಲಸ. ರಾತ್ರಿಯಿಡೀ ದೂರದಲ್ಲಿ ನಿಂತು ನೋಡಿ ನೋಡಿ ಇಡೀ ನಾಟಕ ಬಾಯಿಪಾಠ ಆಗಿರುತ್ತಿತ್ತಂತೆ ಆ ಹುಡುಗರಿಗೆ. ಆಮೇಲೆ ಕಾಲೊನಿಯವರು ತಮ್ಮದೇ ಸಂಘ ಕಟ್ಟಿಕೊಂಡು ಆಡತೊಡಗಿದರು. ಅಂಥ ನಾಟಕಗಳಿಗೂ ನಾವು ಸೀನರಿ ಕಟ್ಟಿದ್ದೇವೆ, ಈಗಲೂ ಕಟ್ಟುತ್ತೇವೆ. ಅಲ್ಲಿ ನೋಡಬೇಕು ನೀವು. ಪೈಪೋಟಿ ದುರ್ಯೋಧನನ ಪಾರ್ಟಿಗೆ ಅಲ್ಲ, ಕರ್ಣನಿಗೆ. ಸೂತಪುತ್ರ ಅಂತ ಹೀಯಾಳಿಸುವ ಮಾತು ಬಂದಾಗ ಒಬ್ಬರೂ ಶಿಳ್ಳೆ ಹಾಕುವುದಿಲ್ಲ. ಅದಕ್ಕೆ ಕರ್ಣ ಉತ್ತರ ಕೊಡಲು ಒಂದು ಹೆಜ್ಜೆ ಮುಂದೆ ಬಂದ ಅನ್ನಿ, ಹಿಂದಿನ ಸಾಲಿನಿಂದ 'ಒನ್ಸ್ ಮೋರ್' ಶುರು. ಪುಸ್ತಕದಲ್ಲಿ ಆ ಉತ್ತರ ಎರಡೇ ಸಾಲು. ಇವರ ನಾಟಕದಲ್ಲಿ ಹತ್ತು ನಿಮಿಷ ಆದರೂ ಮುಗಿಯುವುದಿಲ್ಲ, ಹಾರ್ಮೋನಿಯಂ ಮೇಷ್ಟ್ರು ಬೆರಳು ಎತ್ತುವುದಿಲ್ಲ. ಪುಸ್ತಕ ಅದೇ, ಪರದೆ ಅದೇ, ಕಿರೀಟ ನಮ್ಮದೇ. ಆದರೂ ನಾಟಕ ಬೇರೆ.

ಈಗ ಎಷ್ಟೋ ಕಡೆ ಜಾತಿ ಕೂತಿದ್ದ ಜಾಗಕ್ಕೆ ದುಡ್ಡು ಬಂದು ಕೂತಿದೆ. ಇದು ನನಗೆ ಹಿಡಿಸದ ಬದಲಾವಣೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಪಾರ್ಟಿಗೆ ರೇಟು. ಯಾರು ಜಾಸ್ತಿ ಕೊಡುತ್ತಾರೋ ಅವರಿಗೆ ದೊಡ್ಡ ಪಾರ್ಟು. ಖರ್ಚು ಹೊರಬೇಕಲ್ಲ ಅಂತ ಕಮಿಟಿಯವರು ಹೇಳುತ್ತಾರೆ, ಅದೂ ನಿಜವೇ. ಆದರೆ ಶ್ರುತಿ ಗೊತ್ತಿಲ್ಲದವನು ಕೃಷ್ಣನಾಗಿ ಸಂಧಾನದ ಸೀನಿನಲ್ಲಿ ನಿಂತು ಒದ್ದಾಡುವಾಗ, ಚೆನ್ನಾಗಿ ಹಾಡುವ ಬಡ ಹುಡುಗ ಪಕ್ಕದಲ್ಲಿ ಸೈನಿಕನಾಗಿ ಈಟಿ ಹಿಡಿದು ನಿಂತಿರುತ್ತಾನೆ. ಪಂಚಾಯಿತಿ ಎಲೆಕ್ಷನ್ ಹತ್ತಿರ ಬಂದರೆ ದುರ್ಯೋಧನನ ರೇಟು ಏರುತ್ತೆ. ಧರ್ಮರಾಯನ ಪಾರ್ಟು ಬೇಕು ಅಂತ ಕೇಳಿದ ಅಭ್ಯರ್ಥಿಯನ್ನು ನಾನಂತೂ ನೋಡಿಲ್ಲ!

ಇಷ್ಟೆಲ್ಲ ಬದಲಾದರೂ ಒಂದು ಸಂಗತಿ ಮಾತ್ರ ಬಹಳ ಕಾಲ ಅಲುಗಾಡಲಿಲ್ಲ. ದ್ರೌಪದಿ ಯಾವಾಗಲೂ ಹೊರಗಿನವಳು.

ಮೊದಲು ಗಂಡಸರೇ ಸೀರೆ ಉಟ್ಟು ಹೆಣ್ಣು ಪಾರ್ಟು ಮಾಡುತ್ತಿದ್ದರು. ಕಂಪನಿ ನಾಟಕಗಳಿಗೆ ಹೆಣ್ಣುಮಕ್ಕಳು ಬಂದಾಗ ಎಷ್ಟು ಗದ್ದಲ ಆಗಿತ್ತು ಅನ್ನುವುದನ್ನು ಹಿರಿಯರು ಈಗಲೂ ಹೇಳುತ್ತಾರೆ. ಗುಬ್ಬಿ ಕಂಪನಿಯ ಬಿ. ಜಯಮ್ಮನವರ ಕಾಲದಲ್ಲೂ ನಟಿ ಅಂದರೆ ಮರ್ಯಾದಸ್ಥರ ಮನೆಯಲ್ಲಿ ಮೂಗು ಮುರಿಯುತ್ತಿದ್ದರು, ಅದೇ ಮನೆಯವರು ರಾತ್ರಿ ಮುಂದಿನ ಸಾಲಿನಲ್ಲಿ ಇರುತ್ತಿದ್ದರು. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರನ್ನೇ ನೋಡಿ. ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬಣ್ಣ ಹಚ್ಚಿ, 'ಹಳ್ಳಿ ಹುಡುಗಿ'ಯಂಥ ನಾಟಕಗಳಿಂದ ಮನೆಮಾತಾಗಿ, ಕಂಪನಿಯನ್ನು ತಾವೇ ಹೊತ್ತು ನಡೆಸಿ, ನಾಟಕ ಅಕಾಡೆಮಿ ಅಧ್ಯಕ್ಷರಾಗಿ, ಪದ್ಮಶ್ರೀ ತನಕ ಹೋದವರು. ಅವರ ಹೆಸರು ಹೇಳಿಕೊಂಡು ನಾವು ಹೆಮ್ಮೆ ಪಡುತ್ತೇವೆ. ಆದರೆ ಹಳ್ಳಿ ನಾಟಕದ ಕಮಿಟಿಯಲ್ಲಿ 'ನಿಮ್ಮ ಮನೆ ಹುಡುಗಿ ಉತ್ತರೆ ಪಾರ್ಟು ಮಾಡಲಿ' ಅಂತ ಯಾರಾದರೂ ಹೇಳಲಿ ನೋಡೋಣ, ಹೊಡೆದಾಟವೇ ಆಗಿಬಿಡುತ್ತೆ.

ಹಾಗಾಗಿ ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆಯಮ್ಮ ಸಂಜೆ ಬಸ್ಸಿಗೆ ಬಂದು ಇಳಿಯುತ್ತಾಳೆ, ಕೈಯಲ್ಲಿ ಒಂದು ಬ್ಯಾಗು. ಹಿಂದಿನ ರಾತ್ರಿ ಇನ್ನೊಂದು ಊರಲ್ಲಿ ನಾಟಕ ಮುಗಿಸಿ ಬಂದಿರುತ್ತಾಳೆ, ನಿದ್ದೆ ಇರುವುದಿಲ್ಲ. ಬಟ್ಟೆ ಬದಲಾಯಿಸಲು ಸ್ಟೇಜಿನ ಹಿಂದೆ ನಮ್ಮ ಹಳೇ ಪರದೆಯನ್ನೇ ಅಡ್ಡ ಕಟ್ಟಿಕೊಡುತ್ತೇವೆ. ಶೌಚಾಲಯಕ್ಕೆ ಯಾರದೋ ಮನೆ ಬಾಗಿಲು ತಟ್ಟಬೇಕು. ಈ ಊರಿನ ಭೀಮನ ಮುಖವನ್ನು ಅವಳು ನೋಡುವುದೇ ಬಣ್ಣ ಹಚ್ಚಿದ ಮೇಲೆ. ಆದರೆ ಸ್ಟೇಜಿಗೆ ಬಂದಳೋ, ತನ್ನ ಮಾತು ಮಾತ್ರ ಅಲ್ಲ, ಎಲ್ಲರ ಮಾತೂ ಅವಳಿಗೆ ಗೊತ್ತು. ಮುಡಿ ಬಿಚ್ಚಿಕೊಂಡು ಅಳುತ್ತಾ ಭೀಮನ ಹತ್ತಿರ ಹೋಗುತ್ತಾಳಲ್ಲ, ಜನ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ, ಆಗ ಅವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಭೀಮನಿಗೆ ಅವನು ಮರೆತ ಸಾಲು ಹೇಳಿಕೊಡುತ್ತಿರುತ್ತಾಳೆ. ಸೈಡ್ ವಿಂಗಿನಲ್ಲಿ ನಿಂತವನಿಗೆ ಮಾತ್ರ ಅದು ಕೇಳಿಸುತ್ತೆ. ಇಡೀ ನಾಟಕ ಎತ್ತಿ ನಿಲ್ಲಿಸಿದವಳ ಹೆಸರು ಫ್ಲೆಕ್ಸಿನಲ್ಲಿ ಎಲ್ಲಿರುತ್ತೆ ಹೇಳಿ? ಕೆಳಗಡೆ, ಶುಭ ಕೋರುವವರ ಫೋಟೋಗಳ ಕೆಳಗೆ, ಸಣ್ಣಕ್ಷರದಲ್ಲಿ.

ಈ ಹಿನ್ನೆಲೆ ಗೊತ್ತಿದ್ದರೆ ಸ್ತ್ರೀಶಕ್ತಿ ಸಂಘದವರ ನಾಟಕ ಯಾಕೆ ದೊಡ್ಡ ಸಂಗತಿ ಅಂತ ಅರ್ಥವಾಗುತ್ತೆ. ಅವರದೇ ಊರಿನ ಹೆಣ್ಣುಮಕ್ಕಳು, ಅವರದೇ ಅತ್ತೆ, ಮಾವ, ಗಂಡ, ಮಕ್ಕಳು ಕೂತಿದ್ದಾರೆ, ಅವರೆದುರಿಗೆ ತೊಡೆ ತಟ್ಟಿಕೊಂಡು ಆರ್ಭಟಿಸಿದರು. ಚೆನ್ನಾಗಿ ಆಡಿದರಾ ಅಂದರೆ, ಎಲ್ಲರೂ ಅಲ್ಲ. ಅರ್ಜುನ ಎರಡು ಸಲ ಮಾತು ಬಿಟ್ಟಳು. ಶಕುನಿ ಮಾಡಿದಾಕೆ ಮಾತ್ರ, ಸ್ವಾಮಿ, ಈ ಭಾಗದಲ್ಲಿ ಅಂಥ ಶಕುನಿಯನ್ನು ನಾನು ಗಂಡಸರಲ್ಲೂ ಕಂಡಿಲ್ಲ. ಕಿರುಚಾಟ ಇಲ್ಲ, ಕುಂಟುವ ನಾಟಕ ಇಲ್ಲ. ಸುಮ್ನೆ ದಾಳ ಉರುಳಿಸುತ್ತಾ, ಚೀಟಿ ದುಡ್ಡಿನ ಲೆಕ್ಕ ಹೇಳುವ ದನಿಯಲ್ಲಿ ಮಾತಾಡಿದಳು. ಮೈ ಜುಮ್ಮೆಂದಿತು.

ಇನ್ನು ಗಾಂಧಾರಿಗೆ ಸೇರಿಸಿದ ಮಾತು. ನನ್ನ ನೂರು ಮಕ್ಕಳು ಸತ್ತರು, ನೂರು ಜನ ಸೊಸೆಯಂದಿರ ಗತಿ ಏನು ಅಂತ ಯಾರಾದರೂ ಕೇಳಿದಿರಾ ಅಂತ ಅವಳು ಕೃಷ್ಣನನ್ನು ಕೇಳುತ್ತಾಳೆ. ಇದು ಹೊಸತು, ಸ್ತ್ರೀವಾದಿಗಳ ಕಿತಾಪತಿ ಅನ್ನುವ ಧಾಟಿಯಲ್ಲಿ ಪತ್ರ ಬರೆದವರು ಬರೆದಿದ್ದಾರೆ. ವ್ಯಾಸಭಾರತದಲ್ಲಿ ಸ್ತ್ರೀಪರ್ವ ಅಂತ ಒಂದು ಪರ್ವವೇ ಇದೆ. ಹನ್ನೊಂದನೆಯದು. ಯುದ್ಧ ಮುಗಿದ ಮೇಲೆ ಗಾಂಧಾರಿ ಹೆಣಗಳ ನಡುವೆ ಅಳುತ್ತಿರುವ ಸೊಸೆಯಂದಿರನ್ನು ಕೃಷ್ಣನಿಗೆ ತೋರಿಸಿ ತೋರಿಸಿ ಗೋಳಾಡುತ್ತಾಳೆ, ಶಾಪ ಕೊಡುತ್ತಾಳೆ. ನಾವು ಜಾತ್ರೆಯಲ್ಲಿ ನೋಡುತ್ತಾ ಬಂದ ಕುರುಕ್ಷೇತ್ರದಲ್ಲಿ ಅದು ಇರಲಿಲ್ಲ, ದುರ್ಯೋಧನ ಬಿದ್ದ, ಮಂಗಳ ಹಾಡಿದರು, ಮುಗಿಯಿತು. ಗಂಡಸರು ಆಡುವ ನಾಟಕದಲ್ಲಿ ಆ ಸೀನಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ ಅನ್ನಿಸುತ್ತೆ. ಈ ಹೆಣ್ಣುಮಕ್ಕಳು ಅದನ್ನು ವಾಪಸ್ ತಂದರು. ಹಾಗೆ ನೋಡಿದರೆ ಅವರೇ ಮೂಲಕ್ಕೆ ಹತ್ತಿರ ಹೋದವರು!

ಒಂದೂ ಅಕ್ಷರ ಬದಲಿಸದೆ ಇದ್ದರೂ ನಾಟಕ ಬದಲಾಗುತ್ತೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಗಿರೀಶ ಕಾರ್ನಾಡರ 'ತುಘಲಕ್' 1964ರದು. ಬಂದ ಹೊಸತರಲ್ಲಿ ಅದನ್ನು ನೆಹರೂ ಕಾಲದ ಕನಸುಗಳು ಒಡೆದ ಕಥೆ ಅಂತ ಓದಿದರು. ದೆಹಲಿಯ ಪುರಾನಾ ಕಿಲಾದಲ್ಲಿ 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ಕೋಟೆಯನ್ನೇ ರಂಗ ಮಾಡಿಕೊಂಡು ಆಡಿಸಿದರು, ಕನ್ನಡದಲ್ಲಿ ಸಿ.ಆರ್. ಸಿಂಹ ತುಘಲಕ್ ಅಂದರೆ ಇವರೇ ಅನ್ನುವ ಹಾಗೆ ಆಡಿದರು. ತುರ್ತು ಪರಿಸ್ಥಿತಿ ಬಂದು ಹೋದ ಮೇಲೆ ಅದೇ ಮಾತುಗಳಿಗೆ ಬೇರೆ ಅರ್ಥ ಹತ್ತಿತು. 2016ರ ನೋಟ್ ಬ್ಯಾನ್ ಆದ ಮೇಲೆ ಹವ್ಯಾಸಿ ತಂಡದವರು ಆಡಿದ್ದನ್ನು ದಾವಣಗೆರೆಯಲ್ಲಿ ನೋಡಿದೆ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಅನ್ನುವ ಜಾಗ ಬಂದ ಕೂಡಲೇ ಇಡೀ ಹಾಲ್ ನಕ್ಕಿತು. ನಟ ಒಂದು ಕ್ಷಣ ಗಾಬರಿಯಾದ, ಅಲ್ಲಿ ನಗು ಬರುತ್ತೆ ಅಂತ ನಿರ್ದೇಶಕರು ಹೇಳಿರಲಿಲ್ಲ ಅನ್ನಿಸುತ್ತೆ. ಆ ನಗು ಪುಸ್ತಕದಲ್ಲಿ ಎಲ್ಲಿದೆ?

ಮಠ ಮತ್ತು ನಾಟಕದ ಸಂಬಂಧವೇ ನಮ್ಮ ಜಿಲ್ಲೆಯಲ್ಲಿ ಬದಲಾಗಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ಅಂತ ತಂಡವನ್ನೇ ಶುರು ಮಾಡಿದರು, ಅದು ನಾಟಕ ಹೊತ್ತುಕೊಂಡು ರಾಜ್ಯ ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಹಳ್ಳಿ ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿರುವುದನ್ನು ನೋಡಿದರೆ, ನಾಟಕದವರಿಗೆ ಹೆಣ್ಣು ಕೊಡಬೇಡಿ ಅನ್ನುತ್ತಿದ್ದ ಊರು ಇದೇನಾ ಅನ್ನಿಸುತ್ತೆ.

ಹಾಗಂತ ಬದಲಾಗಿದ್ದೆಲ್ಲ ಒಳ್ಳೆಯದು ಅನ್ನುವವನು ನಾನಲ್ಲ. ಪತ್ರ ಬರೆದವರ ಒಂದು ದೂರಿಗೆ ನನ್ನ ಪೂರ್ತಿ ಸಹಮತ ಇದೆ. ನಾಟಕ ಮೊಟಕಾಗಿದೆ. ಆದರೆ ಅದಕ್ಕೆ ಆ ಹೆಣ್ಣುಮಕ್ಕಳು ಕಾರಣ ಅಲ್ಲ. ಶಬ್ದ ಮಾಲಿನ್ಯದ ನಿಯಮ 2000ದಲ್ಲೇ ಬಂದಿದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಮೊದಲೆಲ್ಲ ಯಾರೂ ಕೇಳುತ್ತಿರಲಿಲ್ಲ, ಈಗ ಪರ್ಮಿಷನ್ನಿಗೆ ಓಡಾಡಬೇಕು. ಊರಿನ ಹುಡುಗರು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಗುಡಿ ಮುಂದೆ ನಡೆಯುತ್ತಿದ್ದ ಪ್ರಾಕ್ಟೀಸ್ ಈಗ ವಾಟ್ಸಾಪಿನಲ್ಲಿ ನಡೆಯುತ್ತೆ, ಮೇಷ್ಟ್ರು ಹಾಡಿ ಆಡಿಯೋ ಕಳಿಸುತ್ತಾರೆ, ಹುಡುಗ ಕಂಪನಿ ಬಸ್ಸಿನಲ್ಲಿ ಕೂತು ಕಿವಿಗೆ ಹಾಕಿಕೊಂಡು ಕಲಿಯುತ್ತಾನೆ. ಇದನ್ನು ತಪ್ಪು ಅನ್ನಲಾರೆ. ಬೇಜಾರಾಗುವುದು ಏನು ಕತ್ತರಿಸುತ್ತಾರೆ ಅನ್ನುವುದಕ್ಕೆ. ಸಂಧಾನದ ಸೀನಿನ ಕಂದಪದ್ಯಗಳು ಹೋಗುತ್ತವೆ. ಕರ್ಣ, ಕುಂತಿ ಭೇಟಿಯ ಹಾಡು ಒಂದೇ ಚರಣಕ್ಕೆ ಇಳಿಯುತ್ತೆ. ಆದರೆ ಮಧ್ಯೆ ತುರುಕುವ ಸಿನಿಮಾ ಹಾಡಿನ ಡ್ಯಾನ್ಸ್ ಉಳಿಯುತ್ತೆ, ಗಣ್ಯರಿಗೆ ಶಾಲು ಹೊದಿಸುವ ಕಾರ್ಯಕ್ರಮವಂತೂ ಮುಕ್ಕಾಲು ಗಂಟೆ. ಅಭಿಮನ್ಯು ಚಕ್ರವ್ಯೂಹದೊಳಗೆ ಹೋಗಲು ಮೇಕಪ್ ಹಾಕಿಕೊಂಡು ಬೆವರುತ್ತಾ ಕಾಯುತ್ತಿರುತ್ತಾನೆ, ಮೈಕಿನಲ್ಲಿ ಮಾಜಿ ಸದಸ್ಯರ ಹೆಸರು ಕೂಗುತ್ತಿರುತ್ತಾರೆ.

ಆ ಕಂದಪದ್ಯ, ಆ ಮಟ್ಟುಗಳು ಪುಸ್ತಕದಲ್ಲಿ ಪೂರ್ತಿ ಇಲ್ಲ, ಸಾಹಿತ್ಯ ಮಾತ್ರ ಇದೆ. ಹಾಡುವ ರೀತಿ ಇರುವುದು ಹಾರ್ಮೋನಿಯಂ ಮೇಷ್ಟ್ರುಗಳ ತಲೆಯಲ್ಲಿ. ಒಬ್ಬೊಬ್ಬ ಮೇಷ್ಟ್ರದು ಒಂದೊಂದು ಧಾಟಿ. ಹಳಬರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಇರುವವರಿಗೆ ವಯಸ್ಸಾಗಿದೆ. ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆ ಅಂತಲೇ ರಂಗಾಯಣ ಇದೆ. ಅವರು ಒಂದು ರೆಕಾರ್ಡರ್ ಹಿಡಿದುಕೊಂಡು ಎರಡೂ ಜಿಲ್ಲೆಯ ಮೇಷ್ಟ್ರುಗಳ ಮನೆಗೆ ಹೋಗಿ ಕುರುಕ್ಷೇತ್ರದ ಪದಗಳನ್ನು ಮೊದಲಿಂದ ಕೊನೆವರೆಗೆ ಹಾಡಿಸಿ ಇಟ್ಟುಕೊಳ್ಳಲಿ. ಅವರ ಜೊತೆಗೆ ನಾಟಕದಿಂದ ನಾಟಕಕ್ಕೆ ಬಸ್ಸು ಹತ್ತುವ ಆ ಕಲಾವಿದೆಯರನ್ನೂ ಕರೆಸಿ ಕೇಳಲಿ, ಎಲ್ಲಾ ಪಾರ್ಟಿನ ಹಾಡೂ ಅವರಿಗೆ ಬರುತ್ತೆ. ಯಾವ ಊರಲ್ಲಿ ಯಾರಿದ್ದಾರೆ, ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ ಅಂತ ಬೇಕಾದರೆ ನಮ್ಮಂಥ ಸೀನರಿಯವರನ್ನು ಕೇಳಿ. ಮಳೆಗಾಲದಲ್ಲಿ ನಮಗೂ ಕೆಲಸ ಕಡಿಮೆ, ಅವರಿಗೂ ಬಿಡುವು ಇರುತ್ತೆ. ಮುಂದಿನ ಜಾತ್ರೆ ಸೀಸನ್ ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ.

ಇಂತಿ,
ನಿಮ್ಮ ಓದುಗ,
ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ